ಐದಡಿ ಎಂಟಿಂಚಿನ ಸೆಂಟರ್ ಹಾಫ್

ಈ ಹಳೇ ಫುಟ್‌ಬಾಲ್ ವಿಡಿಯೋನ ಇಲ್ಲಿ ಒಂದು ಕ್ಷಣ ನಿಲ್ಲಿಸ್ತೀನಿ, ನೋಡಿ. 1953ರ ನವೆಂಬರ್ 25, ಲಂಡನ್ನಿನ ವೆಂಬ್ಲಿ ಮೈದಾನ. ಇಂಗ್ಲೆಂಡ್ ಎದುರು ಹಂಗರಿ. ಗೋಲಿನ ಬಲಗಡೆ, ಆರು ಗಜದ ಗೆರೆ ಹತ್ರ ಚೆಂಡು ಹಂಗರಿಯ ಪುಷ್ಕಾಶ್ ಕಾಲಲ್ಲಿದೆ. ಅದರ ಮೇಲೆ ನುಗ್ಗಿ ಬರ್ತಿರೋನು ಇಂಗ್ಲೆಂಡ್ ನಾಯಕ ಬಿಲ್ಲಿ ರೈಟ್. ಈಗ ಬಿಡ್ತೀನಿ. ಪುಷ್ಕಾಶ್ ಎಡ ಅಂಗಾಲಿನಿಂದ ಚೆಂಡನ್ನ ಹಿಂದಕ್ಕೆ ಎಳ್ಕೊಂಡ. ರೈಟ್ ಬರೀ ಹುಲ್ಲಿನ ಮೇಲೆ ಜಾರಿ ಆಚೆ ಹೋದ. ಮರುಕ್ಷಣ ಅದೇ ಎಡಗಾಲಲ್ಲಿ ಗೋಲು. ಪಂದ್ಯ ಮುಗಿದಾಗ ಹಂಗರಿ 6, ಇಂಗ್ಲೆಂಡ್ 3.

ಇಷ್ಟನ್ನೇ ನೋಡಿ ರೈಟ್‌ನ ಅಳೆಯೋರಿದ್ದಾರೆ. ಅದು ಅನ್ಯಾಯ. ಅವತ್ತು ಅವನು ಆಡಿದ್ದು ರೈಟ್ ಹಾಫ್ ಜಾಗದಲ್ಲಿ, ಅಂದ್ರೆ ಮೈದಾನದ ಮಧ್ಯಭಾಗದ ಬಲಗಡೆ; ಡಿಫೆನ್ಸ್ ನಡುವೆ ನಿಲ್ಲೋ ಸೆಂಟರ್ ಹಾಫ್ ಆಗಿದ್ದಿದ್ದು ಹ್ಯಾರಿ ಜಾನ್‌ಸ್ಟನ್. ಆಟಗಾರರನ್ನ W ಮತ್ತು M ಆಕಾರದಲ್ಲಿ ನಿಲ್ಲಿಸೋ ಆಗಿನ ಡಬ್ಲ್ಯೂಎಂ ಪದ್ಧತೀಲಿ ಹಿಂದೆ ಡಿಫೆನ್ಸ್‌ಗೆ ಮೂರೇ ಜನ. ನಡುವಿನವನು ಎದುರಾಳಿ 9ನೇ ನಂಬರಿಗೆ, ಅಂದ್ರೆ ಮುಂದೆ ನಿಂತು ಗೋಲು ಹೊಡೆಯೋನಿಗೆ, ಅಂಟ್ಕೊಂಡಿರಬೇಕು. ಹಂಗರಿಯ 9, ಹಿಡೆಗ್‌ಕುಟಿ, ಮುಂದೆ ನಿಲ್ಲಲೇ ಇಲ್ಲ, ಮಿಡ್‌ಫೀಲ್ಡಿಗೆ ಇಳಿದುಬಿಟ್ಟ. ಜಾನ್‌ಸ್ಟನ್ ಬೆನ್ನತ್ತಿದ್ರೆ ಗೋಲಿನ ಮುಂದೆ ಬಯಲು, ಬಿಟ್ರೆ ಅವನನ್ನ ಕೇಳೋರಿಲ್ಲ. ಮೂರು ಗೋಲು ಅವನದ್ದೇ.

ರೈಟ್ ಸೆಂಟರ್ ಹಾಫ್ ಆಗಿದ್ದು 1954ರ ಸ್ವಿಟ್ಜರ್ಲೆಂಡ್ ವಿಶ್ವಕಪ್‌ನಲ್ಲಿ, ಸಿಡ್ ಓವನ್‌ಗೆ ಆಡೋಕೆ ಆಗದೇ ಹೋದಾಗ. ಆಗ ವಯಸ್ಸು 30, ಎತ್ತರ ಐದಡಿ ಎಂಟಿಂಚು. ತಲೆಯಿಂದ ಚೆಂಡು ಹೊಡೆಯೋ ಹೆಡರ್ ಗೆಲ್ಲಬೇಕಾದ, ಆರಡಿಯವರ ಜಾಗ ಅದು. ಹೆಡರ್‌ನಲ್ಲಿ ಎತ್ತರದವನೇ ಗೆಲ್ಲಬೇಕು ಅಂತೇನಿಲ್ಲ, ಚೆಂಡು ತನ್ನ ಎತ್ತರಕ್ಕೆ ಬರೋ ಹೊತ್ತಿಗೆ ಮೇಲಿರೋನು ಗೆಲ್ತಾನೆ. ನಿಂತಲ್ಲೇ ಎಗರಿದ್ರೆ ಗಿಡ್ಡನಿಗೆ ಸೋಲು. ಎರಡು ಹೆಜ್ಜೆ ಓಡಿ, ಒಂಟಿ ಕಾಲಲ್ಲಿ ಚಿಮ್ಮಬೇಕು. ತಡವಾದ್ರೆ ಎದುರಾಳಿಯ ಭುಜ ಒತ್ತುತ್ತೆ, ಬೇಗ ಆದ್ರೆ ಚೆಂಡು ಬರೋ ಹೊತ್ತಿಗೆ ನೀವು ಕೆಳಗೆ. ಅದೂ ಅಲ್ದೆ ಆಗಿನ ಚೆಂಡು ತೊಗಲಿನದ್ದು, ಮಳೇಲಿ ನೀರು ಕುಡಿದು ಕಲ್ಲಾಗ್ತಿತ್ತು. ಹಣೆ ಬಿಟ್ಟು ನೆತ್ತಿಗೆ ತಗುಲಿದ್ರೆ ಕಣ್ಣು ಕತ್ತಲೆ. ರೈಟ್‌ನ ಬಂಡವಾಳವೇ ಈ ಅಂದಾಜು.

1938ರಲ್ಲಿ 14ರ ಹುಡುಗ ರೈಟ್ ಇಂಗ್ಲೆಂಡಿನ ಕ್ಲಬ್ ವುಲ್ವ್ಸ್‌ನ ಮೊಲಿನೂ ಮೈದಾನದ ಕೆಲಸಕ್ಕೆ ಸೇರಿದಾಗ, ನೀನು ತೀರಾ ಸಣ್ಣವನು ಅಂತ ಮ್ಯಾನೇಜರ್ ಫ್ರಾಂಕ್ ಬಕ್ಲಿ ವಾಪಸ್ ಕಳಿಸೋಕೆ ಹೊರಟಿದ್ದ. ಅದೇ ಹುಡುಗ ವುಲ್ವ್ಸ್ ಪರ ಲೀಗ್‌ನಲ್ಲೇ 490 ಪಂದ್ಯ ಆಡಿದ. 1949ರ ಎಫ್‌ಎ ಕಪ್, ಆಮೇಲೆ 1954, 1958, 1959ರಲ್ಲಿ ಲೀಗ್ ಪಟ್ಟ. ಯುರೋಪಿನ ವರ್ಷದ ಆಟಗಾರನಿಗೆ ಕೊಡ್ತಿದ್ದ ಬ್ಯಾಲನ್ ಡಿ'ಓರ್ ಪ್ರಶಸ್ತೀಲಿ 1957ರಲ್ಲಿ ಡಿ ಸ್ಟೆಫಾನೋ ನಂತರದ ಎರಡನೇ ಸ್ಥಾನ, ಡಿಫೆಂಡರ್‌ಗೆ ಇದು ಸಣ್ಣ ಮಾತಲ್ಲ. ಹಣ ಮಾತ್ರ ಕೇಳ್ಬೇಡಿ: ಸಂಬಳಕ್ಕೆ ಮಿತಿ ಇತ್ತು, ಅವನ ಕೊನೇ ಸೀಸನ್ನಿನಲ್ಲೂ ವಾರಕ್ಕೆ 20 ಪೌಂಡು ದಾಟೋ ಹಾಗಿರಲಿಲ್ಲ.

1959ರ ಏಪ್ರಿಲ್ 11ರಂದು ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ನೂರನೇ ಅಂತರರಾಷ್ಟ್ರೀಯ ಪಂದ್ಯ. ಜಗತ್ತಿನಲ್ಲೇ ಮೊದಲಿಗ. ಒಟ್ಟು 105, ಅದರಲ್ಲಿ 90ಕ್ಕೆ ನಾಯಕ; ಒಂದೂ ತಪ್ಪಿಸದೆ ಸತತವಾಗಿ ಆಡಿದ್ದು 70. ಕೊನೇದು ಅದೇ ವರ್ಷ ಮೇ 28ಕ್ಕೆ, ಲಾಸ್ ಏಂಜಲೀಸ್‌ನಲ್ಲಿ, ಅಮೆರಿಕ ವಿರುದ್ಧ. 1950ರಲ್ಲಿ ಬೆಲೊ ಹೊರಿಜಾಂಟೆಯಲ್ಲಿ ಇವನ ತಂಡಕ್ಕೆ 1–0 ಮಣ್ಣುಮುಕ್ಕಿಸಿದ್ದ ಅದೇ ಅಮೆರಿಕ. ಈ ಸಲ ಇಂಗ್ಲೆಂಡ್ ಹೊಡೆದಿದ್ದು ಎಂಟು.