ಬುಗ್ಗೆಯಿಂದ ಬುಗ್ಗೆಗೆ ಊಡ್ನಡಟ್ಟಾ ದಾರಿ

ಕೇಳುಗ ಮಿತ್ರರಿಗೆ ನಮಸ್ಕಾರ.

ದಕ್ಷಿಣ ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಒಂದು ಮಣ್ಣು ರಸ್ತೆ ಇದೆ. ಮಾರೀ ಅನ್ನುವ ಪುಟ್ಟ ಊರಿನಿಂದ ಹೊರಡುತ್ತದೆ. ವಿಲಿಯಂ ಕ್ರೀಕ್ ದಾಟಿ, ಊಡ್ನಡಟ್ಟಾ ದಾಟಿ, ಕೊನೆಗೆ ಮಾರ್ಲಾದಲ್ಲಿ ಡಾಂಬರು ರಸ್ತೆಗೆ ಸೇರುತ್ತದೆ. ಒಟ್ಟು ಸುಮಾರು 620 ಕಿಲೋಮೀಟರ್. ಊಡ್ನಡಟ್ಟಾ ಟ್ರ್ಯಾಕ್ ಅಂತ ಹೆಸರು. ಅಡಿಲೇಡಿನಲ್ಲಿರುವ ನಾವು ಕೆಲವು ಕನ್ನಡದ ಗೆಳೆಯರು, ಹೆಂಡತಿ ಮಕ್ಕಳನ್ನು ಕರೆದುಕೊಂಡು, ಕಾರಿನ ಹಿಂದೆ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಈ ದಾರಿಯಲ್ಲಿ ಓಡಾಡಿದ್ದೇವೆ. ಇವತ್ತು ಅದರ ಮಾತು.

ಈ ರಸ್ತೆಯನ್ನು ಎರಡೇ ದಿನದಲ್ಲಿ ಓಡಿಸಿ ಮುಗಿಸುವವರೂ ಇದ್ದಾರೆ. ರಸ್ತೆ ಒಣಗಿದ್ದರೆ ಅದೇನು ಕಷ್ಟವಲ್ಲ. ಆದರೆ ಹಾಗೆ ಓಡಿಸಿದರೆ ಕಾಣುವುದು ಧೂಳು ಮಾತ್ರ. ಇದು ನಿಂತು ನಿಂತು ಹೋಗಬೇಕಾದ ದಾರಿ. ಹುಟ್ಟಿದ್ದೇ ಹಾಗೆ.

ನೆಲದ ಕೆಳಗೆ ಏನಿದೆ ಅಂತ ನೋಡಿದರೆ ಇದು ಅರ್ಥವಾಗುತ್ತದೆ. ಆಸ್ಟ್ರೇಲಿಯಾ ಖಂಡದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ನೆಲದ ಅಡಿಯಲ್ಲಿ ದೊಡ್ಡದೊಂದು ಅಂತರ್ಜಲದ ಒಡಲಿದೆ. ಗ್ರೇಟ್ ಆರ್ಟೀಸಿಯನ್ ಬೇಸಿನ್ ಅನ್ನುತ್ತಾರೆ. ದೂರದ ಕ್ವೀನ್ಸ್‌ಲ್ಯಾಂಡಿನ ಬೆಟ್ಟಗಳ ಮೇಲೆ ಎಂದೋ ಬಿದ್ದ ಮಳೆ ಕಲ್ಲಿನ ಪದರಗಳ ಒಳಗೆ ಇಂಚಿಂಚಾಗಿ ಹರಿದು ಬಂದು, ಇಲ್ಲಿ ಒತ್ತಡ ತಾಳದೆ ಮೇಲೆ ಚಿಮ್ಮುತ್ತದೆ. ಈ ಪ್ರಯಾಣಕ್ಕೆ ಲಕ್ಷಾಂತರ ವರ್ಷ ಹಿಡಿಯುತ್ತದೆ. ನೀರು ಹೊತ್ತು ತಂದ ಉಪ್ಪು, ಸುಣ್ಣ, ಮರಳು ಬಾಯಿಯ ಸುತ್ತ ಕೂತು ಕೂತು ದಿಬ್ಬವಾಗುತ್ತದೆ. ದಿಬ್ಬದ ತಲೆಯ ಮೇಲೆ ಕೊಳ.

ಮಾರೀಯಿಂದ ಸುಮಾರು 130 ಕಿಲೋಮೀಟರ್ ದೂರದಲ್ಲಿ ಇಂಥ ಎರಡು ಬುಗ್ಗೆಗಳು ಅಕ್ಕಪಕ್ಕದಲ್ಲೇ ಇವೆ. ಒಂದು ಬ್ಲಾಂಚ್ ಕಪ್. ಇನ್ನೊಂದು ಬಬ್ಲರ್. ಬಬ್ಲರ್ ಹತ್ತಿರ ಕಟ್ಟಿರುವ ಹಲಗೆಯ ಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ. ನೀರು ತಿಳಿಯಾಗಿರುತ್ತದೆ. ತಳದಲ್ಲಿ ಬೂದು ಮರಳು. ಆ ಮರಳು ಒಂದೇ ಕಡೆ ನಿಧಾನವಾಗಿ ಉಬ್ಬುತ್ತದೆ. ಉಬ್ಬಿ ಉಬ್ಬಿ ನಡುವೆ ಬಿರಿಯುತ್ತದೆ. ಗಾಳಿಗುಳ್ಳೆ ಬುಳುಕ್ ಅಂತ ಮೇಲೆ ಬರುತ್ತದೆ. ಮರಳು ಸುತ್ತ ಹರಡಿ ಮತ್ತೆ ಕೂರುತ್ತದೆ. ಅಂಚಿನಲ್ಲಿ ಜೊಂಡು, ಸಣ್ಣ ಹುಲ್ಲು. ಅಲ್ಲಿಂದ ನಾಲ್ಕು ಹೆಜ್ಜೆ ಆಚೆಗೆ ಬರೀ ಕೆಂಪು ಕಲ್ಲಿನ ಬಯಲು. ನಮ್ಮ ಮಕ್ಕಳು ಅಲ್ಲಿಂದ ಕದಲಲೇ ಇಲ್ಲ. ನಾವೂ ಕದಲಿಸಲಿಲ್ಲ.

ಈ ಬುಗ್ಗೆಗಳು ಸಾಲಾಗಿ ಇವೆ. ಈ ನೆಲ ಅರಬನಾ ಎಂಬ ಮೂಲನಿವಾಸಿ ಜನರದ್ದು. ಒಂದೊಂದು ಬುಗ್ಗೆಗೂ ಅವರಲ್ಲಿ ಹೆಸರಿದೆ, ಕಥೆಯಿದೆ. ಸಾವಿರಾರು ವರ್ಷ ಅವರು ಬುಗ್ಗೆಯಿಂದ ಬುಗ್ಗೆಗೆ ನಡೆದು ಕೆಮ್ಮಣ್ಣು, ಕಲ್ಲು, ಸುದ್ದಿ ಎಲ್ಲವನ್ನೂ ಸಾಗಿಸಿದರು. 1859ರ ಸುಮಾರಿಗೆ ಜಾನ್ ಮೆಕ್‌ಡೂಅಲ್ ಸ್ಟೂವರ್ಟ್ ಎಂಬ ಸ್ಕಾಟ್ಲೆಂಡಿನ ಅನ್ವೇಷಕ ಇದೇ ಸಾಲನ್ನು ಹಿಡಿದು ಉತ್ತರಕ್ಕೆ ಹೋದ. ಅವನ ಹಿಂದೆ ಟೆಲಿಗ್ರಾಫ್ ಕಂಬಗಳು ಬಂದವು. 1872ರಲ್ಲಿ ಆ ತಂತಿ ಡಾರ್ವಿನ್ ತನಕ ಮುಟ್ಟಿತು. ಆಮೇಲೆ ಉಗಿಬಂಡಿ. ಅದಕ್ಕೂ ನೀರು ಬೇಕಲ್ವಾ? 1884ರಲ್ಲಿ ರೈಲು ಮಾರೀಗೆ ಬಂತು. 1891ರಲ್ಲಿ ಊಡ್ನಡಟ್ಟಾಗೆ. 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ಗೆ. ಘಾನ್ ಅಂತ ಆ ರೈಲಿಗೆ ಹೆಸರು. ಮಳೆ ಬಂದಾಗಲೆಲ್ಲ ಹಳಿ ಕೊಚ್ಚಿಕೊಂಡು ಹೋಗುತ್ತಿತ್ತು. ಕೊನೆಗೆ 1980ರಲ್ಲಿ ಈ ಮಾರ್ಗವನ್ನು ಕೈಬಿಟ್ಟು, ಪಶ್ಚಿಮಕ್ಕೆ ದೂರದಲ್ಲಿ ಹೊಸ ಹಳಿ ಹಾಕಿದರು. ಇವತ್ತು ನಾವು ಕಾರು ಓಡಿಸುವುದು ಆ ಹಳೆಯ ಹಳಿಯ ಪಕ್ಕದಲ್ಲೇ. ಛಾವಣಿ ಹೋದ ಸ್ಟೇಷನ್ನುಗಳು, ತುಕ್ಕು ಹಿಡಿದ ನೀರಿನ ತೊಟ್ಟಿಗಳು ದಾರಿಯುದ್ದಕ್ಕೂ ಸಿಗುತ್ತವೆ.

ಮಾರೀ ಊರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ರೈಲು ಬರುವ ಮೊದಲೂ, ಬಂದ ಮೇಲೆ ಹಳಿ ಮುಟ್ಟದ ಕಡೆಗೂ ಸಾಮಾನು ಹೊತ್ತದ್ದು ಒಂಟೆಗಳು. 1866ರಲ್ಲಿ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆಗಳು, ಅವನ್ನು ನಡೆಸುವ ಜನರ ಸಮೇತ ಪೋರ್ಟ್ ಅಗಸ್ಟಾದಲ್ಲಿ ಇಳಿದವು. ಆ ಜನರನ್ನು ಇಲ್ಲಿನವರು ಅಫ್ಘಾನರು ಅಂತ ಒಂದೇ ಹೆಸರಿನಿಂದ ಕರೆದರು. ನಿಜದಲ್ಲಿ ಅವರಲ್ಲಿ ಬಲೂಚಿಗಳಿದ್ದರು, ಪಂಜಾಬಿಗಳಿದ್ದರು, ಸಿಂಧಿನವರಿದ್ದರು. ಅಂದರೆ ಅಂದಿನ ಹಿಂದೂಸ್ತಾನದ ಜನ. ಮಾರೀಯಲ್ಲಿ ಅವರದೇ ಕೇರಿ ಇತ್ತು. ಹಳಿಯ ಒಂದು ಪಕ್ಕ ಬಿಳಿಯರು, ಇನ್ನೊಂದು ಪಕ್ಕ ಇವರು ಮತ್ತು ಮೂಲನಿವಾಸಿಗಳು. ಮಣ್ಣು, ಮರದ ಅವರ ಪುಟ್ಟ ಮಸೀದಿಯ ಮಾದರಿಯೊಂದನ್ನು ಊರಲ್ಲಿ ಮತ್ತೆ ಕಟ್ಟಿದ್ದಾರೆ. ಖರ್ಜೂರದ ಮರಗಳು ಇನ್ನೂ ನಿಂತಿವೆ. ನಮ್ಮ ಕಡೆಯಿಂದ ಬಂದು ಈ ಮರುಭೂಮಿಯಲ್ಲಿ ದಾರಿ ಮಾಡಿದವರು ಅವರು. ಮಾರೀಯಲ್ಲಿ ಡೀಸೆಲ್ ತುಂಬಿಸುವ ಗಡಿಬಿಡಿಯಲ್ಲಿ ಅವರನ್ನು ಮರೆತು ಮುಂದೆ ಹೋಗಬೇಡಿ.

ಈಗ ಟ್ರೇಲರಿಗೆ ಬರೋಣ. ಎರಡು ಚಕ್ರದ ಮೇಲೆ ಒಂದು ಗಟ್ಟಿ ಪೆಟ್ಟಿಗೆ. ಮೇಲಿನ ಮುಚ್ಚಳ ಮಗುಚಿದರೆ ಟೆಂಟು ಬಿಚ್ಚಿಕೊಳ್ಳುತ್ತದೆ, ಒಳಗೆ ಹಾಸಿಗೆ ಸಿದ್ಧ. ಪಕ್ಕದಲ್ಲಿ ಎಳೆದರೆ ಅಡುಗೆಮನೆ ಹೊರಗೆ ಬರುತ್ತದೆ. ಕೆಳಗೆ ನೀರಿನ ಟ್ಯಾಂಕು, ಮೂಲೆಯಲ್ಲಿ ಬ್ಯಾಟರಿ, ಫ್ರಿಜ್ಜು. ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ಕಾರವಾನು ಎತ್ತರ, ಗಾಳಿಗೆ ಓಲಾಡುತ್ತದೆ. ನೆಲದ ಮೇಲಿನ ಟೆಂಟಿನಲ್ಲಿ ಚಳಿಗಾಲದ ರಾತ್ರಿ ಕಳೆಯುವುದು ಚಿಕ್ಕ ಮಕ್ಕಳಿಗೆ ಕಷ್ಟ.

ಆದರೆ ಮಣ್ಣು ರಸ್ತೆಯಲ್ಲಿ ಟ್ರೇಲರಿಗೂ ಅದರದೇ ಬೇಡಿಕೆಗಳಿವೆ. ರಸ್ತೆ ತಗಡಿನ ಶೀಟಿನ ಹಾಗೆ ಅಲೆ ಅಲೆಯಾಗಿರುತ್ತದೆ. ಗಂಟೆಗಟ್ಟಲೆ ಅದರ ಮೇಲೆ ನಡುಗಿದರೆ ಬೋಲ್ಟು ಸಡಿಲವಾಗುತ್ತದೆ, ಬೆಸುಗೆ ಬಿರುಕು ಬಿಡುತ್ತದೆ. ಪೆಟ್ಟಿಗೆಯೊಳಗೆ ಟಿನ್ ಡಬ್ಬಿಗಳು ಒಂದಕ್ಕೊಂದು ಉಜ್ಜಿ ಉಜ್ಜಿ ತೂತು ಬೀಳುತ್ತವೆ. ನಡುವೆ ಹಳೆಯ ಟವೆಲ್ ತುರುಕಬೇಕು. ಗಾಜಿನ ಉಪ್ಪಿನಕಾಯಿ ಬಾಟಲಿ ಮನೆಯಲ್ಲೇ ಇರಲಿ. ಭಾರದ ಸಾಮಾನು ಚಕ್ರದ ನೇರಕ್ಕೆ ಇಡಬೇಕು, ಹಿಂದಕ್ಕೆ ಅಲ್ಲ. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಕಾರಿಗೆ ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಮೇಲೆ ಬಂದರೆ ಟ್ರೇಲರ್ ಬಾಲ ಅಲ್ಲಾಡಿಸುವುದಿಲ್ಲ. ಟೈರಿನ ಗಾಳಿ ಇಳಿಸಬೇಕು, ಕಾರಿಗೂ ಟ್ರೇಲರಿಗೂ. ಗಾಳಿ ಇಳಿಸಿದ ಮೇಲೆ ವೇಗವನ್ನೂ ಇಳಿಸಬೇಕು. ಇಲ್ಲದಿದ್ದರೆ ಟೈರು ಬಿಸಿಯಾಗಿ ಹರಿಯುತ್ತದೆ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಕಾರಿನ ಹಿಂದಿನ ಚಕ್ರ ಚಿಮ್ಮಿಸಿದ ಕಲ್ಲು ಟ್ರೇಲರಿನ ಮುಖಕ್ಕೆ ಬಡಿದು, ವಾಪಸ್ ಹಾರಿ ಕಾರಿನ ಹಿಂದಿನ ಗಾಜನ್ನೇ ಒಡೆಯುತ್ತದೆ. ಅದಕ್ಕೇ ಕೊಕ್ಕೆಯ ಮೇಲೆ ಇಳಿಜಾರಾಗಿ ಬಲೆ ಕಟ್ಟುತ್ತಾರೆ. ಕೆಲವರು ಹಿಂದಿನ ಗಾಜಿಗೆ ರಟ್ಟು ಅಂಟಿಸುತ್ತಾರೆ.

ನಿಂತಾಗಲೆಲ್ಲ ಇಳಿದು ಚಕ್ರದ ನಡುವಿನ ಹಬ್ಬಿನ ಮೇಲೆ ಅಂಗೈ ಇಡಬೇಕು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಹೋಗುತ್ತಿದೆ ಅಂತ ತಿಳಿಯಬೇಕು.

ಗೆಳೆಯರು ಬೇಕಾಗುವುದು ಇಲ್ಲೇ. ಧೂಳಿನಿಂದಾಗಿ ಕಾರುಗಳ ನಡುವೆ ತುಂಬ ಅಂತರ ಬಿಡುತ್ತೇವೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಯುಎಚ್‌ಎಫ್ ರೇಡಿಯೋದಲ್ಲಿ ಮಾತು. ದೊಡ್ಡ ಲಾರಿಯವರೆಲ್ಲ 40ನೇ ಚಾನೆಲ್ಲಿನಲ್ಲಿರುತ್ತಾರೆ. ನಾವು ಬೇರೊಂದು ಚಾನೆಲ್ ಹಿಡಿದು ಕನ್ನಡದಲ್ಲೇ ಮಾತಾಡುತ್ತೇವೆ. “ಎದುರಿಗೆ ದನ ಇದೆ, ನಿಧಾನ.” “ಹಿಂದಿನವರು ಬಂದ್ರಾ?” ತಿರುವು ಬಂದರೆ ಹಿಂದಿನ ಕಾರು ಕಣ್ಣಿಗೆ ಕಾಣುವ ತನಕ ಮುಂದಿನವರು ನಿಲ್ಲಬೇಕು. ನಮ್ಮಲ್ಲಿ ತೀರಾ ನಿಧಾನಸ್ಥರು ಯಾರೋ ಅವರದೇ ವೇಗ ಎಲ್ಲರಿಗೂ. ಒಂಟೆಯ ಸಾಲಿಗೂ ಇದೇ ಲೆಕ್ಕ ಇದ್ದಿರಬೇಕು.

ವಿಲಿಯಂ ಕ್ರೀಕ್ ದಾಟಿ ಹೋಗುವಾಗ ಒಮ್ಮೆ ರೇಡಿಯೋದಲ್ಲಿ ಕೂಗು ಬಂತು. “ಅಣ್ಣಾ, ನಿಮ್ಮ ಟ್ರೇಲರ್ ಎಡಕ್ಕೆ ವಾಲ್ತಾ ಇದೆ, ನಿಲ್ಲಿಸಿ.” ಕೂಗಿದ್ದು ಕೊನೆಯ ಕಾರಿನಲ್ಲಿದ್ದ ಹುಡುಗ, ಆಗ ತಾನೇ ನಮ್ಮ ಗುಂಪಿಗೆ ಸೇರಿದವನು. ಇಳಿದು ನೋಡಿದರೆ ಎಡಗಡೆಯ ಸ್ಪ್ರಿಂಗಿನ ಮುಖ್ಯ ಪಟ್ಟಿಯೇ ತುಂಡಾಗಿದೆ. ಇನ್ನೊಂದಿಷ್ಟು ದೂರ ಹೋಗಿದ್ದರೆ ಟೈರು ಪೆಟ್ಟಿಗೆಗೆ ಉಜ್ಜಿ ಹರಿಯುತ್ತಿತ್ತು. ಒಬ್ಬರ ಹತ್ತಿರ ಹೆಚ್ಚುವರಿ ಸ್ಪ್ರಿಂಗ್ ಇತ್ತು. ಇನ್ನೊಬ್ಬರ ಹತ್ತಿರ ಸರಿಯಾದ ಜಾಕ್. ಮತ್ತೊಬ್ಬರ ಹತ್ತಿರ ಉದ್ದ ಹಿಡಿಯ ಸ್ಪ್ಯಾನರ್. ಮೂರರಲ್ಲಿ ಒಂದು ಇಲ್ಲದಿದ್ದರೂ ಆಗುತ್ತಿರಲಿಲ್ಲ. ಗಂಡಸರು ಟ್ರೇಲರ್ ಕೆಳಗೆ, ಹೆಂಗಸರಲ್ಲಿ ಇಬ್ಬರು ಜಾಕ್ ಹಿಡಿದು ಲೆಕ್ಕ ಹೇಳುತ್ತಾ, ಉಳಿದವರು ಅವಲಕ್ಕಿ ಒಗ್ಗರಣೆ ಹಾಕುತ್ತಾ. ನೊಣಗಳು ಕಣ್ಣು, ಮೂಗು, ಕಿವಿ ಬಿಡದೆ ಮುತ್ತುತ್ತಿದ್ದವು. ಬಿಸಿಲು ಇಳಿಯುವ ಹೊತ್ತಿಗೆ ಸ್ಪ್ರಿಂಗ್ ಕೂತಿತು. ಆ ಸಂಜೆ ಅಲ್ಲೇ ಹತ್ತಿರದಲ್ಲಿ ಬಿಡಾರ ಹೂಡಿದೆವು. ಮುಂದೆ ಹೋಗೋಣ ಅಂತ ಯಾರೂ ಹೇಳಲಿಲ್ಲ.

ವಿಲಿಯಂ ಕ್ರೀಕ್ ಸುತ್ತಮುತ್ತಲಿನ ನೆಲವೆಲ್ಲ ಆನಾ ಕ್ರೀಕ್ ಎಂಬ ಒಂದೇ ದನದ ಎಸ್ಟೇಟಿಗೆ ಸೇರಿದ್ದು. ನಮ್ಮ ಇಡೀ ಕರ್ನಾಟಕದ ಹೆಚ್ಚುಕಡಿಮೆ ಹನ್ನೆರಡನೇ ಒಂದು ಭಾಗದಷ್ಟು ದೊಡ್ಡದು! ಅಲ್ಲಿ ಕೈ ಬೀಸಿದರೆ ಯಾರೋ ಬರುತ್ತಾರೆ ಅಂತ ಕಾಯುವ ಹಾಗಿಲ್ಲ.

ಹೆದರಿಸಲು ಹೇಳುತ್ತಿಲ್ಲ, ಆದರೆ ಹೇಳದೇ ಇರಲಾರೆ. 1998ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದಿಂದ ಬಂದ ಯುವ ಜೋಡಿಯೊಂದರ ಗಾಡಿ ಐರ್ ಎಂಬ ಉಪ್ಪಿನ ಸರೋವರದ ದಡದಲ್ಲಿ ಹೂತುಕೊಂಡಿತು. ಇಬ್ಬರೂ ವಿಲಿಯಂ ಕ್ರೀಕ್ ಕಡೆಗೆ ನಡೆದು ಹೊರಟರು. ಆತ ಸುಸ್ತಾಗಿ ಗಾಡಿಯ ಹತ್ತಿರಕ್ಕೆ ಮರಳಿದ, ಬದುಕಿದ. ಆಕೆ ನಡೆಯುತ್ತಾ ಹೋಗಿ ಬಿಸಿಲಿಗೆ ಪ್ರಾಣ ಬಿಟ್ಟಳು. ಗಾಡಿ ಕೆಟ್ಟರೆ ಗಾಡಿಯನ್ನು ಬಿಟ್ಟು ಹೋಗಬೇಡಿ. ನೆರಳು ಅಲ್ಲಿದೆ, ನೀರು ಅಲ್ಲಿದೆ, ಹುಡುಕುವವರಿಗೆ ಮೊದಲು ಕಾಣುವುದೂ ಅದೇ. ತುರ್ತು ಸಂಕೇತ ಕಳಿಸುವ ಪುಟ್ಟ ಬೀಕನ್ ಒಂದು ಪ್ರತಿ ಕಾರಿನಲ್ಲೂ ಇರಲಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಇಲ್ಲಿ ಡಿಸೆಂಬರ್, ಜನವರಿ ಅಂದರೆ ಬೇಸಿಗೆ, ಆಗಂತೂ ಹೋಗಲೇಬೇಡಿ. 1960ರ ಜನವರಿ 2ರಂದು ಊಡ್ನಡಟ್ಟಾದಲ್ಲಿ 50.7 ಡಿಗ್ರಿ ದಾಖಲಾಗಿತ್ತು.

ಮಳೆ ಬಂದರೆ ರಸ್ತೆ ಮುಚ್ಚುತ್ತಾರೆ. ಮುಚ್ಚಿದ ರಸ್ತೆಯಲ್ಲಿ ಓಡಿಸಿದರೆ ದಂಡ. ದಂಡ ಹಾಗಿರಲಿ, ಒದ್ದೆ ಮಣ್ಣಿನಲ್ಲಿ ನಾವು ಕೊರೆದ ಆಳದ ಗೆರೆ ಒಣಗಿದ ಮೇಲೆ ಕಲ್ಲಿನಷ್ಟು ಗಟ್ಟಿಯಾಗಿ, ಅಲ್ಲೇ ಬದುಕುವ ಜನಕ್ಕೆ ತಿಂಗಳುಗಟ್ಟಲೆ ಕಾಟ ಕೊಡುತ್ತದೆ. ನಾವು ಬಂದು ಹೋಗುವವರು. ಎರಡು ದಿನ ಕಾಯಬಹುದಲ್ವಾ?

ಐರ್ ಸರೋವರದ ವಿಷಯದಲ್ಲೂ ಇದೇ ಮಾತು. ಅರಬನಾ ಜನ ಅದನ್ನು ಕಾಟಿ ತಂಡಾ ಅನ್ನುತ್ತಾರೆ. ಆಸ್ಟ್ರೇಲಿಯಾದ ಅತಿ ತಗ್ಗಿನ ಜಾಗ ಅದು, ಸಮುದ್ರ ಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗೆ. ಅವರಿಗೆ ಅದು ಪವಿತ್ರ. ಉಪ್ಪಿನ ಅಂಗಳಕ್ಕೆ ಇಳಿಯಬೇಡಿ ಅಂತ ಅವರು ಕೇಳಿಕೊಳ್ಳುತ್ತಾರೆ. ದಡದಿಂದ ನೋಡಿದರೆ ಸಾಕು. ಬುಗ್ಗೆಗಳ ಬಗ್ಗೆಯೂ ಅವರಿಗೆ ಆತಂಕವಿದೆ. ದಕ್ಷಿಣದ ದೊಡ್ಡ ಗಣಿಯೊಂದು ಇದೇ ಅಂತರ್ಜಲವನ್ನು ದಶಕಗಳಿಂದ ಎತ್ತುತ್ತಿದೆ. ಬಬ್ಲರ್ ಮುಂದೆ ನಿಂತು ಬಂದ ಮೇಲೆ ಆ ಆತಂಕ ನನಗೂ ಅಂಟಿಕೊಂಡಿದೆ.

ಎಲ್ಲಿ ತಂಗಬೇಕು ಅಂತ ಕೇಳಿದರೆ ನಾನು ಎರಡು ಜಾಗ ಹೇಳುತ್ತೇನೆ. ಒಂದು, ಕವರ್ಡ್ ಸ್ಪ್ರಿಂಗ್ಸ್. ಹಳೆಯ ರೈಲ್ವೆ ಸ್ಲೀಪರ್ ಮರದಿಂದ ಕಟ್ಟಿದ ತೊಟ್ಟಿಯಲ್ಲಿ ಬೆಚ್ಚಗಿನ ನೀರು ಸದಾ ಹರಿಯುತ್ತಿರುತ್ತದೆ. ದಿನವೆಲ್ಲ ಧೂಳು ತಿಂದ ಮೈಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಇನ್ನೊಂದು, ಆಲ್ಜೆಬಕಿನಾ ಸೇತುವೆಯ ಹತ್ತಿರದ ಮಡು. 1892ರ ಹೊತ್ತಿಗೆ ಮುಗಿದ 578 ಮೀಟರಿನ ಕಬ್ಬಿಣದ ಸೇತುವೆ, ನೀಲ್ಸ್ ನದಿಯ ಮೇಲೆ. ವರ್ಷದ ಬಹುಪಾಲು ನದಿಯಲ್ಲಿ ಹರಿವೇ ಇಲ್ಲ. ಇಷ್ಟು ಉದ್ದ ಯಾಕೆ ಅನ್ನಿಸುತ್ತದೆ. ಸೇತುವೆಯ ಕಂಬಗಳ ನಡುವೆ ಎತ್ತರದಲ್ಲಿ ಸಿಕ್ಕಿಕೊಂಡಿರುವ ಮರದ ದಿಮ್ಮಿಗಳನ್ನು ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್ ತನಕ ಒಳ್ಳೆಯ ಕಾಲ. ಹೊರಡುವ ಮನಸ್ಸಿದ್ದರೆ ಈಗಲೇ ಗೆಳೆಯರನ್ನು ಮನೆಗೆ ಕರೆಯಿರಿ. ಯಾರು ಯಾವ ಬಿಡಿಭಾಗ ತರುತ್ತಾರೆ ಅಂತ ಒಂದು ಚೀಟಿ ಬರೆಯಿರಿ. ಎಲ್ಲರೂ ಕುಕ್ಕರ್ ತಂದು ಒಬ್ಬರೂ ಬೇರಿಂಗ್ ತರದಿದ್ದರೆ ಕಷ್ಟ. ಕುಡಿಯಲು ತಲೆಗೆ ದಿನಕ್ಕೆ 5 ಲೀಟರಿಗೆ ಕಡಿಮೆ ನೀರು ಬೇಡ, ಅದರ ಮೇಲೆ ಕೆಲವು ದಿನದ ಉಳಿತಾಯ ಇರಲಿ. ಡೀಸೆಲ್ ಸುಮಾರು 200 ಕಿಲೋಮೀಟರಿಗೊಮ್ಮೆ ಸಿಗುತ್ತದೆ, ಆದರೆ ಟ್ರೇಲರ್ ಎಳೆಯುವಾಗ ಕಾರು ಜಾಸ್ತಿ ಕುಡಿಯುತ್ತದೆ ಅನ್ನುವುದು ನೆನಪಿರಲಿ. ಊಡ್ನಡಟ್ಟಾದ ಗುಲಾಬಿ ಬಣ್ಣದ ರೋಡ್‌ಹೌಸಿನಲ್ಲಿ ನಿಂತು ಮುಂದಿನ ರಸ್ತೆಯ ಸ್ಥಿತಿ ಕೇಳಿಯೇ ಹೊರಡಿ. ಮಾರ್ಲಾ ತಲುಪಿದ ಮೇಲೆ ಟೈರಿಗೆ ಮತ್ತೆ ಗಾಳಿ ತುಂಬಿಸಿ, ಒಂದೊಂದೇ ನಟ್ಟು ಬಿಗಿ ಮಾಡಿ. ಅಲ್ಲಿಂದ ಎಡಕ್ಕೆ ಹೋದರೆ ಕೂಬರ್ ಪೀಡಿ ಊರು, ಬಲಕ್ಕೆ ಹೋದರೆ ಉಲುರು ಎಂಬ ಹೆಬ್ಬಂಡೆಯ ಕಡೆಯ ದಾರಿ. ರಜೆ ಉಳಿದಿದ್ದರೆ ಬಲಕ್ಕೆ ತಿರುಗಿ.

ನಮಸ್ಕಾರ.