ಬೇಸ್‌ಮೆಂಟಿನಲ್ಲಿ ನೀರು ಉಕ್ಕಿದರೆ ಮೊದಲು ಚೇಂಬರ್ ನೋಡಿ

(ದೃಶ್ಯ: ಬೇಸ್‌ಮೆಂಟಿನ ಬಚ್ಚಲು. ಜಾಲರಿಯಿಂದ ಬೂದು ಬಣ್ಣದ ಸೋಪಿನ ನೀರು ಮೇಲೇರುತ್ತಿದೆ.)

ನಮಸ್ಕಾರ. ಈ ನೀರು ನೋಡಿ. ಇಲ್ಲಿ ಯಾರೂ ನಲ್ಲಿ ತಿರುಗಿಸಿಲ್ಲ. ಮೇಲಿನ ಮಹಡಿಯ ವಾಷಿಂಗ್ ಮೆಷಿನ್ ನೀರು ಬಿಟ್ಟಿತು, ಕೆಳಗೆ ಉಕ್ಕಿತು. ಇಂಥ ಹೊತ್ತಲ್ಲಿ ಬಹಳ ಜನ ಆಸಿಡ್ ಬಾಟಲಿಗೆ ಕೈ ಹಾಕುತ್ತಾರೆ. ಬೇಡ. ನಿಂತ ನೀರಿಗೆ ಸುರಿದರೆ ಅದು ಅಲ್ಲೇ ಇರುತ್ತದೆ, ಆಮೇಲೆ ಬರುವ ಪ್ಲಂಬರ್ ಕೈ ಸುಡುತ್ತದೆ.

ಬೇಸ್‌ಮೆಂಟಿನ ನೀರಷ್ಟೇ ನಿಧಾನವಾಗಿ ಹೋಗ್ತಿದೆ, ಮಿಕ್ಕ ಕಡೆ ಎಲ್ಲ ಸರಿ ಅಂದರೆ ಟ್ರ್ಯಾಪಿನಲ್ಲಿ, ಅಂದರೆ ಜಾಲರಿ ಕೆಳಗೆ ನೀರು ನಿಲ್ಲುವ ಬಾಗಿದ ಭಾಗದಲ್ಲಿ, ಕೂದಲು, ಮಣ್ಣು ಕಟ್ಟಿರುತ್ತದೆ. ಜಾಲರಿ ತೆಗೆದು ಕ್ಲೀನ್ ಮಾಡಿ, ಆಯ್ತು. ಮೇಲಿನವರು ನೀರು ಬಿಟ್ಟಾಗ ಇಲ್ಲಿ ಏರಿದರೆ ಮಾತ್ರ ಕಟ್ಟಿರುವುದು ಮೇನ್ ಲೈನು, ಅಂದರೆ ಇಡೀ ಮನೆಯ ಕೊಳಚೆ ನೀರನ್ನು ಹೊರಗೆ ಒಯ್ಯುವ ಪೈಪು. ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ಬಾಯಿ ಇದೇ, ಅದಕ್ಕೇ ಮೊದಲು ಇಲ್ಲೇ ಗೊತ್ತಾಗುತ್ತದೆ.

(ದೃಶ್ಯ: ಹಾರೆಯಿಂದ ಚೇಂಬರಿನ ಮುಚ್ಚಳ ಎತ್ತುವುದು.)

ಇದು ಚೇಂಬರ್, ಮನೆಯ ಕೊಳಚೆ ನೀರು ರಸ್ತೆ ಲೈನಿಗೆ ಹೋಗುವ ಮುಂಚೆ ಬಂದು ಸೇರುವ ಗುಂಡಿ. ಮುಚ್ಚಳ ಸರಿಸಿ ಸ್ವಲ್ಪ ಹೊತ್ತು ಗಾಳಿಯಾಡಲಿ. ಮುಖ ಬಗ್ಗಿಸಬೇಡಿ, ಒಳಗಂತೂ ಇಳಿಯಲೇಬೇಡಿ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಚೇಂಬರ್ ಮುಂದೆ ಸಿಗದಿದ್ದರೆ ಹಿತ್ತಲಲ್ಲಿ ಹುಡುಕಿ. ಈ ಬಡಾವಣೆಗಳಲ್ಲಿ ಮನೆ ಹಿಂದೆ ಮಲ, ಕಸ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ ಇತ್ತಲ್ಲ, ಲೈನು ಆ ಕಡೆಗೇ ಹೋಗಿರಬಹುದು.

ಚೇಂಬರ್ ತುಂಬಿದ್ದರೆ ಅಡಚಣೆ ಅದರಿಂದಾಚೆ, ರಸ್ತೆ ಕಡೆ ಇದೆ. ರಸ್ತೆಯ ಮ್ಯಾನ್‌ಹೋಲೂ ಉಕ್ಕುತ್ತಿದ್ದರೆ ಬೆಂಗಳೂರು ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. ನಿಮ್ಮ ಪ್ಲಂಬರ್ ಎಷ್ಟು ತಿವಿದರೂ ದುಡ್ಡು ದಂಡ.

ಖಾಲಿ ಇದ್ದರೆ? ಮನೆಗೂ ಚೇಂಬರಿಗೂ ನಡುವೆ ಕಟ್ಟಿದೆ.

(ದೃಶ್ಯ: ಟಾರ್ಚ್ ಬೆಳಕಲ್ಲಿ ಪೈಪಿನ ಬಾಯಿ.)

ಕಂದು ಬಣ್ಣ, ಮೇಲೆ ಹೊಳಪು. ಇದು ಸ್ಟೋನ್‌ವೇರ್, ಅಂದರೆ ಸುಟ್ಟ ಮಣ್ಣಿನ ಪೈಪು. ಎರಡು-ಮೂರು ಅಡಿಗೊಂದು ಜಾಯಿಂಟ್. ಸಿಮೆಂಟ್ ಬಿರುಕು ಬಿಟ್ಟ ಕಡೆ ಮರದ ಬೇರು ಕೂದಲಿನ ಹಾಗೆ ನುಗ್ಗುತ್ತದೆ, ಅದಕ್ಕೆ ಜಿಡ್ಡು ಮೆತ್ತುತ್ತದೆ. ಸ್ಪ್ರಿಂಗ್, ಅಂದರೆ ಪೈಪಿನೊಳಗೆ ತಿರುಗಿಸುವ ಉದ್ದನೆಯ ಕಂಬಿ, ಹಾಕಿ ಕತ್ತರಿಸಿದರೆ ಸದ್ಯಕ್ಕೆ ನೀರು ಹರಿಯುತ್ತದೆ, ಬೇರು ಮತ್ತೆ ಬರುತ್ತದೆ. ಆ ಜಾಯಿಂಟೇ ಬದಲಾಯಿಸಬೇಕು. ನೆಲ ಒಡೆಯುವ ಮುಂಚೆ ಪೈಪಿನೊಳಗೆ ಕ್ಯಾಮೆರಾ ಬಿಡಿಸಿ ಜಾಗ ಗುರುತು ಮಾಡಿಸಿ. ಸುಮ್ನೆ ಅಂದಾಜಲ್ಲಿ ಅಗೆಸಬೇಡಿ.

ಮಳೆ ಬಂದಾಗ ಮಾತ್ರ ಉಕ್ಕುತ್ತಾ? ತಾರಸಿ ಪೈಪಿಗೆ ಎರಡು ಬಕೆಟ್ ನೀರು ಸುರಿದು ಚೇಂಬರ್ ನೋಡಿ. ಅಲ್ಲಿಗೆ ಬಂದರೆ ಯಾರೋ ಮಳೆನೀರನ್ನು ಯುಜಿಡಿಗೆ, ಅಂದರೆ ಒಳಚರಂಡಿಗೆ, ಸೇರಿಸಿದ್ದಾರೆ. ಅದು ನಿಯಮಕ್ಕೂ ವಿರುದ್ಧ. ಮೊದಲು ಬಿಡಿಸಿ, ಇಂಗುಗುಂಡಿಗೆ ತಿರುಗಿಸಿ.

ಕೊನೆಗೆ ನಾನ್ ರಿಟರ್ನ್ ವಾಲ್ವ್, ಹೊರಗೆ ಹೋದ ನೀರು ವಾಪಸ್ ಬರದಂತೆ ತಡೆಯುವ ಮುಚ್ಚಳ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಗಿದೆ, ಹಳೇ ಮನೆಗಳೇ ತಗ್ಗಿಗೆ ಬಿದ್ದಿವೆ ಅಲ್ವಾ? ಹಾಗಾಗಿ ವಾಲ್ವ್ ಒಳ್ಳೆಯದೇ. ಆದರೆ ಮೇನ್ ಲೈನಿಗೆ ಬೇಡ, ಬೇಸ್‌ಮೆಂಟಿನ ಲೈನಿಗೆ ಮಾತ್ರ ಹಾಕಿಸಿ. ಮೇನ್ ಲೈನಲ್ಲಿ ಅದು ಮುಚ್ಚಿಕೊಂಡರೆ ನಿಮ್ಮ ಮನೆಯ ಮೇಲಿನ ನೀರೇ ಬೇಸ್‌ಮೆಂಟಿಗೆ ಬರುತ್ತದೆ. ಟೈಲ್ಸ್ ಅಡಿ ಮುಚ್ಚಿಬಿಡಬೇಡಿ, ಕೈ ಹಾಕಿ ಕಸ ತೆಗೆಯುವ ಹಾಗಿರಲಿ.