ಗೋಡೆಗೆ ಬಡಿದ ಪಟ್ಟಿ

ಕೇಳುಗರಿಗೆ ನಮಸ್ಕಾರ. ನಮ್ಮೂರು ಧಾರವಾಡ, ಮನೆ ಪುಣೆಯಲ್ಲಿ. ನಿವೃತ್ತಿಯಾದ ಮೇಲೆ ನನಗೆ ಮರಗೆಲಸದ ಹುಚ್ಚು ಹಿಡಿಯಿತು. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿಗೆ ಹೋಗಿ ತೇಗದ ತುಂಡು ಮೂಸಿ ನೋಡುವುದೇ ಒಂದು ಸುಖ. ಶೆಡ್ಡಿನಲ್ಲಿ ಒಂದು ಟೇಬಲ್ ಸಾ ಇಟ್ಟಿದ್ದೇನೆ. ಮೇಜಿನ ನಡುವೆ ಗರಗಸದ ಚಕ್ರ ತಲೆ ಎತ್ತಿ ತಿರುಗುವ ಯಂತ್ರ ಅದು.

ಕಳೆದ ಮಳೆಗಾಲದಲ್ಲಿ ಒಂದು ಪಟ್ಟಿ ಸೀಳುತ್ತಿದ್ದೆ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಅದು ಕೈಬಿಟ್ಟು ಹಾರಿ, ನನ್ನ ಸೊಂಟದ ಪಕ್ಕದಿಂದ ಹೋಗಿ ಹಿಂದಿನ ಗೋಡೆಗೆ ಬಡಿಯಿತು. ಗಾರೆ ಉದುರಿತು. ಬ್ಲೇಡಿನ ನೇರಕ್ಕೆ ನಿಲ್ಲದೆ ಸ್ವಲ್ಪ ಎಡಕ್ಕೆ ನಿಂತಿದ್ದೆ, ಬಚಾವಾದೆ. ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್!

ಹಾಗೇಕಾಯಿತು? ಬ್ಲೇಡಿನ ಮುಂದಿನ ಹಲ್ಲು ಮರವನ್ನು ಮೇಜಿಗೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲಕ್ಕೆ ಏಳುತ್ತದೆ. ಮರಕ್ಕೆ ಪಕ್ಕದಿಂದ ಆಸರೆಯಾಗಿರುವ ಫೆನ್ಸಿನ ಬಾಲ, ಅಂದರೆ ಹಿಂದಿನ ತುದಿ, ಬ್ಲೇಡಿನ ಕಡೆ ವಾಲಿದ್ದರೆ, ಮರ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಹಲ್ಲು ಅದನ್ನು ಎತ್ತಿ ನಿಮ್ಮತ್ತ ಒಗೆಯುತ್ತದೆ. ಪಟ್ಟಿಯ ಅಂಚು ಕೆಲವು ದಿನಗಳಿಂದ ಕಪ್ಪಗೆ ಸುಟ್ಟು ಬರುತ್ತಿತ್ತು. ಬ್ಲೇಡು ಮೊಂಡಾಗಿದೆ ಅಂತ ನಾನು ಸುಮ್ನೆ ಬೈದುಕೊಂಡಿದ್ದೆ. ಯಂತ್ರ ಮೊದಲೇ ಹೇಳುತ್ತಿತ್ತು, ಅಲ್ವಾ?

ಮರುದಿನ, ಬ್ಲೇಡೂ ಫೆನ್ಸೂ ಒಂದಕ್ಕೊಂದು ನೇರವಾಗಿವೆಯೇ ಅಂತ ಅಳತೆಗೆ ಕೂತೆ. ಮೊದಲು ಪ್ಲಗ್ಗು ಕಿತ್ತೆ. ಬರೀ ಸ್ವಿಚ್ ಆರಿಸಿದರೆ ಸಾಲದು. ಮೇಜಿನ ಮೇಲೆ ಉದ್ದಕ್ಕೆ ಒಂದು ಕಾಲುವೆ ಕೊರೆದಿರುತ್ತದಲ್ಲ, ಎಲ್ಲ ಅಳತೆಗೂ ಅದೇ ದೇವರು. ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕಿ, ಕಾಲುವೆಯಿಂದ ಆ ಹಲ್ಲಿಗೆ ಮುಂದೆ ಎಷ್ಟು ಅಂತ ನೋಡಿದೆ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆದೆ. ಬೇರೆ ಹಲ್ಲು ಹಿಡಿದರೆ ಮೋಸ, ಬ್ಲೇಡು ತಾನೇ ತುಸು ಡೊಂಕಿರಬಹುದು. ವ್ಯತ್ಯಾಸ ಅರ್ಧ ಮಿಲಿಮೀಟರ್ ಬಂತು! ನೋಟ್‌ಬುಕ್ಕಿನ ಒಂದು ಹಾಳೆಯಷ್ಟು, 0.1 ಮಿಲಿಮೀಟರ್‌ನೊಳಗೆ ಇದ್ದರೆ ಸರಿ.

ಮೇಜಿನ ಕೆಳಗೆ ಮೋಟಾರು, ಬ್ಲೇಡು ಹಿಡಿದಿರುವ ಬೋಲ್ಟುಗಳಿವೆ. ಸಡಿಲ ಮಾಡಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಸಿದೆ. ಆದರೆ ಬಿಗಿ ಮಾಡುವಾಗ ಅದು ಮತ್ತೆ ಜರುಗುತ್ತದೆ. ಎರಡು ಸಂಜೆ ಈ ಆಟ ಆಡಿದೆ. ಕೆಲವು ಯಂತ್ರಗಳಲ್ಲಿ ಬ್ಲೇಡು ಅಲ್ಲ, ಮೇಜೇ ಸರಿಯುತ್ತದೆ, ಅದು ಸುಲಭ.

ಬ್ಲೇಡು ಸರಿಯಾದ ಮೇಲೆ ಫೆನ್ಸು, ಅದನ್ನೂ ಕಾಲುವೆಗೇ ಹೋಲಿಸಿ ನೋಡಿ. ಬಾಲ ಕೂದಲೆಳೆಯಷ್ಟು ಹೊರಗಿರಲಿ, ಪರವಾಗಿಲ್ಲ. ಒಳಗೆ ಬರಲೇಬಾರದು.

ಆಮೇಲೆ ಮೇಜಿಗೂ ಬ್ಲೇಡಿಗೂ ನಡುವಿನ 90 ಡಿಗ್ರಿ. ನಾವು ಮೂಲೆಮಟ್ಟ ಅನ್ನುವುದಕ್ಕೆ ಇಲ್ಲಿನ ಸುತಾರರು ಗುಣ್ಯಾ ಅನ್ನುತ್ತಾರೆ. ಅದನ್ನು ಹಲ್ಲಿಗಲ್ಲ, ಬ್ಲೇಡಿನ ಮೈಗೆ ಒತ್ತಿ ನೋಡಬೇಕು. ಹಲಗೆಯನ್ನು ಅಡ್ಡ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಬದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಿರಿ. ಓರೆಯಿದ್ದರೆ ಸಂದು ಎರಡುಪಟ್ಟಾಗಿ ಕಾಣುತ್ತದೆ.

ಬ್ಲೇಡಿನ ಹಿಂದೆ ಉಕ್ಕಿನ ತೆಳು ರಿವಿಂಗ್ ನೈಫ್ ಇರುತ್ತದೆ. ಅಡ್ಡ ಬರುತ್ತದೆ ಅಂತ ಬಹಳ ಜನ ಕಿತ್ತು ಬಿಸಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ, ಮುಚ್ಚಿಡುವುದೇಕೆ! ಸೀಳಿದ ಮರ ಮತ್ತೆ ಮುಚ್ಚಿ ಬ್ಲೇಡನ್ನು ಹಿಡಿಯದಂತೆ ಅದೇ ತಡೆಯುವುದು. ಒದ್ದೆ ಮರ ಜಾಸ್ತಿ ಮುಚ್ಚುತ್ತದೆ. ಈಗ ಮೂಲೆಯಲ್ಲಿ ಹುಡುಕಿ ತಂದು, ಬ್ಲೇಡಿನ ನೇರಕ್ಕೆ ಕೂರಿಸಿದ್ದೇನೆ. ಕಿರಿದಾದ ಪಟ್ಟಿಯನ್ನು ಕೋಲಿನಿಂದ ತಳ್ಳುತ್ತೇನೆ, ಕೈಗವಸು ತೊಡುವುದಿಲ್ಲ.

ಮಳೆ ಶುರುವಾಗಿದೆ, ಬೀಡು ಕಬ್ಬಿಣದ ಮೇಜಿಗೆ ಆಗಲೇ ತುಕ್ಕು ಕಾಣಿಸಿಕೊಂಡಿದೆ. ಇವತ್ತು ಅದನ್ನು ಉಜ್ಜಿ ತೆಗೆದು ಮೇಣ ಹಚ್ಚಬೇಕು.